ಹೊಸಹಳ್ಳಿಯಲ್ಲಿ ಭೂತಾನದ ಮತಗಟ್ಟೆ

ಹೊಸಹಳ್ಳಿ, ವಿಜಯನಗರ
ಬೆಂಗಳೂರು
೧೮ ಅಕ್ಟೋಬರ್ ೨೦೦೭

ನನ್ನ ಮುದ್ದು ಅನು,

ಭೂತಾನದ ಮೊದಲ ಚುನಾವಣೆಗೆ ನಮ್ಮ ಮತಯಂತ್ರ ಕೊಡುವ ಒಪ್ಪಂದಕ್ಕೆ ಸಹಿ ಬಿತ್ತೆಂಬ ಫ್ಯಾಕ್ಸ್ ನಿನ್ನ ಕೈ ಸೇರಿರುತ್ತದೆ. ಥಿಂಪುವಿನ ನಮ್ಮ ರಾಯಭಾರ ಕಚೇರಿಯಲ್ಲಿ ಎಲ್ಲರೂ ನಿನ್ನ ಕೈ ಕುಲುಕಿರಬೇಕು. ಆದರೆ ನೀನು ತಿಂಗಳುಗಟ್ಟಲೆ ಹಿಂದೆ ಬಿದ್ದು ಮಾಡಿಸಿದ ಆ ಕಾಗದ ದಡ ಸೇರಿದ್ದು ನಮ್ಮ ಮಹಿಳಾ ಸಮಾಜದ ಹಾಲಿನಲ್ಲಿ ಎಂಬುದನ್ನು ಯಾವ ಫ್ಯಾಕ್ಸಿನಲ್ಲೂ ಬರೆದಿರುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನೀನು ಕಳಿಸಿದ ಭೂತಾನದ ಚುನಾವಣಾಧಿಕಾರಿ ದೇಕಿ ಯಾಂಗ್ಜೋಮ್ ಬಂದ ದಿನವೇ ಅಡುಗೆಮನೆಗೆ ನುಗ್ಗಿ ನನ್ನ ಹಸಿಮೆಣಸಿನಕಾಯಿ ಪೂರಾ ಖಾಲಿ ಮಾಡಿದಳು. ಅವಳ ತಂಡದವರೆಲ್ಲ ಕೆಂಗೇರಿಯ ತರಬೇತಿ ಕೇಂದ್ರದಲ್ಲೇ ಉಳಿದರು. ಇವಳು ಮಾತ್ರ ಬೆಳಿಗ್ಗೆ ನನ್ನ ಕೈಯ ತಿಂಡಿ ತಿಂದು, ಕಾರಿನಲ್ಲಿ ಹೋಗಿ ಮತಯಂತ್ರದ ಪಾಠ ಕಲಿತು, ಸಂಜೆ ಬಂದು ನನ್ನ ಹತ್ತಿರ ಕನ್ನಡ ಕಲಿಯುತ್ತಿದ್ದಳು. ನಮ್ಮ ಸಮಾಜದ ಅಧ್ಯಕ್ಷೆ ಅಕ್ಕಯ್ಯಮ್ಮನವರು ಒಂದು ಸಂಜೆ ಅವಳನ್ನು ನೇರವಾಗಿ ಕೇಳಿಯೇಬಿಟ್ಟರು, "ರಾಜ ಇದಾನಲ್ಲಮ್ಮ ನಿಮಗೆ, ಇನ್ನು ಓಟು ಯಾಕೆ?" ನಾನು ಹಿಂದಿಯಲ್ಲಿ ಹೇಳಿದೆ. ದೇಕಿ ನಕ್ಕು, ಓಟು ಬೇಕೆಂದವರು ಅರಸರೇ, ನಾವೇ ಬೇಡವೆಂದು ಹಟ ಮಾಡಿದ್ದೆವು, ಈಗ ಹೂಂ ಎಂದಮೇಲೆ ಚೆನ್ನಾಗಿ ಮಾಡಬೇಕಲ್ಲ ಎಂದಳು.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಒಪ್ಪಂದದ ಒಂದೇ ಒಂದು ವಾಕ್ಯ ಅಡ್ಡ ಬಂತು. ಮತಗಟ್ಟೆಯಲ್ಲಿ ತೊಡಕು ಬಂದರೆ ಕೊನೆಯ ಮಾತು ಭಾರತದ ಅಧಿಕಾರಿಯದು ಎಂದು ಅದರಲ್ಲಿತ್ತು. ದೇಕಿ ಪೆನ್ನು ಕೆಳಗಿಟ್ಟಳಂತೆ. ಯಂತ್ರ ನಿಮ್ಮದು, ಕಲಿಸುವವರು ನೀವು, ಅದನ್ನು ಮರೆಯುವುದಿಲ್ಲ. ಆದರೆ ನಮ್ಮ ಮತಗಟ್ಟೆಯಲ್ಲಿ ಕೊನೆಯ ಮಾತು ನಮ್ಮದು ಎಂದಳಂತೆ. ದೆಹಲಿಯಿಂದ ಬಂದಿದ್ದ ನಿಮ್ಮ ಸಾಹೇಬರು ಕೆಟ್ಟವರಲ್ಲ, ಅನು. ಒಮ್ಮೆಯೂ ಚುನಾವಣೆ ಮಾಡದವರು ಎಡವಿದರೆ ಇಡೀ ಜಗತ್ತು ನಮ್ಮ ಯಂತ್ರದ ಮೇಲೆ ಬೆರಳು ತೋರಿಸುತ್ತದೆ ಎಂಬುದು ಅವರ ಭಯ. ಇಬ್ಬರೂ ಬಗ್ಗಲಿಲ್ಲ. ದೇಕಿ ಸಹಿ ಇಲ್ಲದೆ ವಾಪಸಾಗುತ್ತಾಳೆ ಎಂದು ನೀನು ಫೋನಿನಲ್ಲಿ ಅತ್ತಾಗ ನನಗೆ ಅನ್ನ ಸೇರಲಿಲ್ಲ.

ಮರುದಿನ ದೇಕಿಯೇ ಒಂದು ಮಾತು ಮುಂದಿಟ್ಟಳು. ಇಲ್ಲೇ ಒಂದು ಮತದಾನ ನಾವೇ ನಡೆಸುತ್ತೇವೆ, ನೀವು ಸುಮ್ಮನೆ ನೋಡಿ, ಆಮೇಲೆ ಆ ವಾಕ್ಯದ ಮಾತಾಡೋಣ. ಸಾಹೇಬರು ಒಪ್ಪಿದರು. ಮತದಾರರು ನಾವು, ಹೊಸಹಳ್ಳಿಯವರು. ಆಯುಧಪೂಜೆಯ ಊಟಕ್ಕೆ ಸಮಾಜದವರು ಯಾವ ಸಿಹಿ ಮಾಡಬೇಕು ಎಂಬುದೇ ಚುನಾವಣೆ. ಹೋಳಿಗೆ, ಕಜ್ಜಾಯ, ಮೈಸೂರುಪಾಕು ಕಣದಲ್ಲಿದ್ದವು. ಹೋಳಿಗೆಯ ಪರ ಅಕ್ಕಯ್ಯಮ್ಮನವರು ಮನೆಮನೆ ಸುತ್ತಿ ಪ್ರಚಾರ ಮಾಡಿದರು, ನಂಬು.

ಮಂಗಳವಾರ ಬೆಳಿಗ್ಗೆ ಸಾಲು ಹಾಲಿನಿಂದ ರಸ್ತೆಗೆ ಬಂದಿತ್ತು. ದೇಕಿ ತನ್ನ ನಾಡಿನ ನೀಲಿ ಕಿರಾ ಉಟ್ಟು ಮೇಜಿನ ಹಿಂದೆ ಕೂತಿದ್ದಳು. ಅವಳ ತಂಡದವರು ಹೆಸರು ನೋಡಿ, ಬೆರಳಿಗೆ ಶಾಯಿ ಹಚ್ಚಿ, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಡುವೆ ಯಂತ್ರದ ದೀಪ ಹತ್ತಲಿಲ್ಲ. ಸಾಹೇಬರ ಪಕ್ಕದಲ್ಲಿದ್ದ ತಂತ್ರಜ್ಞರು ಎದ್ದು ಓಡಿ ಬಂದರು. ದೇಕಿ ಕೈ ಎತ್ತಿ, ಕೂತುಕೊಳ್ಳಿ, ಬೇಕಾದರೆ ಕರೆಯುತ್ತೇನೆ ಎಂದಳು. ಸಾಲು ನಿಲ್ಲಿಸಿ, ಏನಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೂರೂ ಸಿಹಿಯ ಕಡೆಯವರನ್ನು ಹತ್ತಿರ ನಿಲ್ಲಿಸಿಕೊಂಡು, ಸಡಿಲವಾಗಿದ್ದ ತಂತಿ ಸರಿಯಾಗಿ ಸಿಕ್ಕಿಸಿದಳು. ದೀಪ ಹತ್ತಿತು. ಸಾಹೇಬರು ಕುರ್ಚಿಗೆ ಒರಗಿದರು.

ಆಮೇಲೆ ನಂಜುಂಡಪ್ಪನವರು ಬಂದರು. ಹಿಂದೆ ಇಲ್ಲಿನ ಹೊಲವೆಲ್ಲ ಅವರ ಮನೆತನದ್ದೇ ಅಲ್ಲವೇ. ಎಲ್ಲಿಗೆ ಹೋದರೂ ಅವರಿಗೆ ತಡೆಯಿಲ್ಲ. ಹೆಂಡತಿ ಪುಟ್ಟಲಕ್ಷ್ಮಿಯ ತೋಳು ಹಿಡಿದು ನೇರವಾಗಿ ಯಂತ್ರದ ಮುಂದಿನ ಪರದೆಯ ಕಡೆ ನಡೆದರು. ದೇಕಿ ಎದ್ದು ಅಡ್ಡ ನಿಂತಳು.

"ಅವಳಿಗೆ ತಿಳಿಯಕಿಲ್ಲ ಕಣಮ್ಮ, ಗುಂಡಿ ತೋರಿಸ್ಕೊಟ್ಟು ಬತ್ತೀನಿ" ಎಂದರು ಅವರು.

"ಅಣ್ಣ, ನೀವು ಇಲ್ಲಿ. ಅಮ್ಮ ಒಬ್ರೇ" ಎಂದಳು ದೇಕಿ, ನಾನು ಕಲಿಸಿದ ಹರಕುಮುರುಕು ಕನ್ನಡದಲ್ಲಿ. ಗೌರವವಾಗಿಯೇ ಹೇಳಿದಳು, ಆದರೆ ಜಾಗ ಬಿಡಲಿಲ್ಲ. ನಂಜುಂಡಪ್ಪನವರು ಸಾಹೇಬರ ಕಡೆ ನೋಡಿದರು, ದೊಡ್ಡವರು ಏನಾದರೂ ಹೇಳಲಿ ಎಂದು. ಸಾಹೇಬರು ದೇಕಿಯ ಕಡೆ ನೋಡಿದರು. ಕೊನೆಗೆ ನಂಜುಂಡಪ್ಪನವರೇ ಹೆಂಡತಿಯ ತೋಳು ಬಿಟ್ಟರು. ಪುಟ್ಟಲಕ್ಷ್ಮಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು, ಯಂತ್ರ ಉದ್ದಕ್ಕೆ ಬೀಪ್ ಎಂದಿತು, ಹೊರಗೆ ಬಂದಳು.

"ಯಾವುದಕ್ಕೆ ಒತ್ತಿದೆ?"

"ಅದನ್ನ ಹೇಳೋ ಹಂಗಿಲ್ಲವಂತೆ ಕಣ್ರೀ."

ಹಾಲಿಗೆ ಹಾಲೇ ನಕ್ಕಿತು. ನಂಜುಂಡಪ್ಪನವರಿಗೂ ನಗು ತಡೆಯಲಾಗಲಿಲ್ಲ. ಸಾಹೇಬರಿಗೆ ನಾನು ಹಿಂದಿಯಲ್ಲಿ ಹೇಳಿದಾಗ ಅವರೂ ನಕ್ಕರು, ಆಮೇಲೆ ಬಹಳ ಹೊತ್ತು ಪುಟ್ಟಲಕ್ಷ್ಮಿಯನ್ನೇ ನೋಡುತ್ತಿದ್ದರು.

ಎಣಿಕೆ ಮುಗಿದು ಕಜ್ಜಾಯ ಗೆದ್ದಿತು. ಅಕ್ಕಯ್ಯಮ್ಮನವರು ಸೋಲೊಪ್ಪಿಕೊಂಡು, ಪಾಕ ತಾವೇ ಹಿಡಿಯುವುದಾಗಿ ಹೇಳಿದರು. ಆ ಗದ್ದಲದ ನಡುವೆಯೇ ಸಾಹೇಬರು ಕಾಗದ ತರಿಸಿ, ಆ ವಾಕ್ಯ ಹೊಡೆದುಹಾಕಿ, ಭೂತಾನದ ಅಧಿಕಾರಿ ಕರೆದಾಗ ಮಾತ್ರ ಭಾರತ ನೆರವಿಗೆ ಬರುವುದು ಎಂದು ತಮ್ಮ ಕೈಯಿಂದಲೇ ಬರೆದು, ದೆಹಲಿಗೆ ಫೋನು ಮಾಡಿ ಒಪ್ಪಿಸಿದರು. ಬುಧವಾರ ಕೆಂಗೇರಿಯಲ್ಲಿ ಎರಡು ಬಾವುಟಗಳ ನಡುವೆ ಸಹಿಯಾಯಿತು. ನಮ್ಮ ತರಬೇತುದಾರರು ಭೂತಾನಕ್ಕೆ ಬಂದಾಗ ಮೊದಲ ಪಾಠ ನೀವೇ ಹೇಳಬೇಕೆಂದು ಸಾಹೇಬರು ದೇಕಿಯನ್ನು ಕೇಳಿಕೊಂಡರು. ನಾನು ನನ್ನ ಮದುವೆಯ ರೇಷ್ಮೆಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು, ಕೈ ಕೆಂಪಾಗುವಂತೆ ಚಪ್ಪಾಳೆ ಹೊಡೆದೆ. ಎರಡು ದೇಶಗಳು ಸರಿಸಮನಾಗಿ ಎದ್ದು ನಿಂತು ಕೈ ಕುಲುಕುವುದನ್ನು ಇಷ್ಟು ಹತ್ತಿರದಿಂದ ನೋಡುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದರ ಹಿಂದೆ ನನ್ನ ಮಗಳ ಶ್ರಮವಿದೆ ಎಂದು ನೆನೆದು ಕಣ್ಣು ತುಂಬಿತು.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ದೇಕಿಯ ಕೈಯಲ್ಲಿ ಹುಳಿಪುಡಿ ಕಳಿಸಿದ್ದೇನೆ.

ನಿನ್ನನ್ನು ನೆನೆದು ಹಿಗ್ಗುತ್ತಿರುವ
ಅಮ್ಮ,
ಗಿರಿಜಾದೇವಿ

ಮರೆತಿದ್ದೆ: ಮಾತುಕತೆ ಮುರಿದ ದಿನ ಸಂಜೆ ಸಾಹೇಬರು ನಮ್ಮ ಮನೆಗೆ ಬಂದಿದ್ದರು. ದೇಕಿ ನಿಮ್ಮನ್ನು ಅಮ್ಮ ಎನ್ನುತ್ತಾಳೆ, ಇದ್ದ ಹಾಗೇ ಸಹಿ ಹಾಕಲು ನೀವು ಬುದ್ಧಿ ಹೇಳಿ ಎಂದು ಕೇಳಿಕೊಂಡರು. ಮಾತಾಡುತ್ತೇನೆ ಎಂದೆ. ಮಾತಾಡಿದೆ ಕೂಡ. ಸಹಿ ಹಾಕಬೇಡ ಮಗಳೇ, ಒಂದು ಚುನಾವಣೆ ಮಾಡಿ ತೋರಿಸುತ್ತೇನೆ ಅನ್ನು, ಸಮಾಜದ ಹಾಲನ್ನೂ ಮತದಾರರನ್ನೂ ನಾನು ಕೊಡುತ್ತೇನೆ ಎಂದೆ. ಸಹಿಯಾದಮೇಲೆ ಸಾಹೇಬರು ಎಲ್ಲರೆದುರು ನನಗೆ ಕೈಮುಗಿದು ವಂದನೆ ಹೇಳಿದರು. ಯಾತಕ್ಕೆಂದು ನಾನು ಕೇಳಲಿಲ್ಲ. ದೇಕಿಗೆ ನಾನು ಏನು ಹೇಳಿದೆನೆಂದು ನೀನೂ ಅವರಿಗೆ ಹೇಳಬೇಡ.