ಹೊಳೆ ದಾಟಿಸದ ಮೂರು ದಿನ

ಮೊಮ್ಮಗಳು ಪೋವಾಳಿಗೆ,

ನಿನ್ನ ಗಂಡ ಲೇರ್ಮೂ ಕಂಬದ ಮೇಲಿನ ನಮ್ಮ ಮನೆಯ ಏಣಿಯ ಬುಡದಲ್ಲಿ ಕೂತು ಗಳಿಗೆಗೊಮ್ಮೆ "ಆಯ್ತಾ ಅಜ್ಜಿ" ಎನ್ನುತ್ತಿದ್ದಾನೆ. ಪೇಟೆಗೆ ಹೋಗುವ ಪಿಕಪ್ ಮಧ್ಯಾಹ್ನ ಹೊರಡುತ್ತದೆ. ಬೇಯುವ ಅನ್ನದ ಮುಂದೆ ಕೂತ ನಾಯಿಯ ಹಾಗೆ ಕೂತಿರಬೇಡ, ಹೋಗಿ ಎರಡು ತುತ್ತು ಉಣ್ಣು ಎಂದೆ. ಹೋಗಲಿಲ್ಲ. ನಿನ್ನನ್ನು ಪೇಟೆಯ ಆಸ್ಪತ್ರೆಯಲ್ಲಿ ಒಬ್ಬಳನ್ನೇ ಬಿಟ್ಟು ಬಂದಿರುವುದರಿಂದ ಅವನಿಗೆ ಗಂಟಲಲ್ಲಿ ಏನೂ ಇಳಿಯುತ್ತಿಲ್ಲ.

ನಿನ್ನೆ ಸಂಜೆ ಅವನು ಬಂದು ಎಲ್ಲ ಹೇಳಿದ. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆಯಂತೆ. ನೋವು ಶುರುವಾಗುವ ಮೊದಲೇ ಕೊಯ್ದು ತೆಗೆಯಬೇಕು, ನಾಳೆ ಬೆಳಿಗ್ಗೆಗೆ ಎಲ್ಲ ಸಿದ್ಧ ಎಂದು ಥಾಯ್ ಡಾಕ್ಟರಮ್ಮ ಎರಡು ಸಲ ಬಂದು ಹೇಳಿದರೂ ನೀನು ಕಾಗದಕ್ಕೆ ರುಜು ಹಾಕಿಲ್ಲವಂತೆ.

"ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದಾಳೆ ಅಜ್ಜಿ," ಎಂದ ಲೇರ್ಮೂ. "'ಆವತ್ತು ದೇವರು ತಮ್ಮನ್ನ ತಗೊಂಡ, ಇವತ್ತು ಕೂಸನ್ನ ತಗೋತಾನೆ, ಕೊಯ್ದ್ರೆ ಏನು ಬಿಟ್ರೆ ಏನು' ಅಂತಾಳೆ. ಯಾರೂ ತನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡ್ಬಾರ್ದಂತೆ. ದೇವರಿಗೆ ತನ್ನ ನೆನಪೇ ಆಗ್ಬಾರ್ದಂತೆ. ಅಂಥಾದ್ದು ಏನು ಮಾಡಿದ್ಲು ಅಜ್ಜಿ ಅವಳು?"

ನಾನು ಬಾಯಿ ತೆರೆಯಲಿಲ್ಲ. ಊರಿಗೆಲ್ಲ ಉತ್ತರ ಕೊಡುವ ಬಾಯಿ ಇದು. ಆವತ್ತೂ ಹೀಗೆಯೇ ಮುಚ್ಚಿಕೊಂಡಿತ್ತು.

ನೀನು ಮಾಡಿದ್ದು ಏನೆಂದು ನನಗೆ ಗೊತ್ತು. ಹನ್ನೊಂದು ವರ್ಷದವಳು. ಗದ್ದೆಯಿಂದ ಓಡಿ ಬಂದೆ, ಬಾಯಾರಿತ್ತು, ಮೂಲೆಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಹೂಜಿ ಇತ್ತು. ಮರುದಿನ ಯೇಸುವಿನ ಸಭೆಯಲ್ಲಿ ಕರ್ತನ ಭೋಜನದ ಮೇಜಿಗೆ, ದ್ರಾಕ್ಷಾರಸದ ಬದಲು ನಾನು ಕಾಯಿಸಿಟ್ಟ ಕೆಂಪು ಪುಂಡಿಹೂವಿನ ರಸ ಅದು. ನೀನು ಹೂಜಿ ಎತ್ತಿ ಗಟಗಟ ಕುಡಿದೆ. ದೀಕ್ಷಾಸ್ನಾನ ಇನ್ನೂ ಆಗದವಳು, ಕೆಸರುಗೈಯಲ್ಲಿ. ನಾನು ನಿನ್ನ ಜಡೆ ಹಿಡಿದು ಎಳೆದೆ. ಬೈಬಲಿನಲ್ಲಿ ದೇವರ ಪೆಟ್ಟಿಗೆ ಬೀಳದಿರಲೆಂದು ಕೈ ಚಾಚಿದವನು ಅಲ್ಲೇ ಸತ್ತುಬಿದ್ದ ಕತೆ, ಅಪ್ಪಣೆಯಿಲ್ಲದ ಬೆಂಕಿ ಒಯ್ದ ಪೂಜಾರಿಯ ಮಕ್ಕಳು ಸುಟ್ಟುಹೋದ ಕತೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹತ್ತು ದಿನಕ್ಕೆ ನಿನ್ನ ತಮ್ಮ ಟೂಲೇಗೆ ಜ್ವರ ಬಂತು. ಮಣ್ಣು ಮಾಡಿ ಬಂದ ದಿನ ನೀನು ನನ್ನ ಅಂಗಿ ಹಿಡಿದು ಕೇಳಿದೆ, "ನಾನು ಕುಡಿದಿದ್ದಕ್ಕಾ ಅಜ್ಜಿ?"

"ದೇವರ ಪಾತ್ರೆ ಆಟದ ಸಾಮಾನಲ್ಲ," ಎಂದೆ. ಅಷ್ಟೇ ಅಂದೆ. ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ. ಹದಿನಾರು ವರ್ಷದಿಂದ ನೀನು ಆ ಮೇಜಿನ ಹತ್ತಿರ ಹೋಗಿಲ್ಲ. ಮದುವೆಯನ್ನೂ ಸಭೆಯ ಅಂಗಳದಲ್ಲೇ ಮಾಡಿಕೊಂಡೆ, ಒಳಗೆ ಕಾಲಿಡಲಿಲ್ಲ. ಹುಡುಗಿಗೆ ದೈವಭಕ್ತಿ ಕಡಿಮೆ ಎಂದು ಊರು ಆಡಿಕೊಂಡಾಗಲೂ ನಾನು ಸುಮ್ಮನೆ ಕೇಳಿಸಿಕೊಂಡೆ.

ಈಗ ನಡೆದದ್ದು ಹೇಳುತ್ತೇನೆ, ಗೋಡೆ ಬಿಟ್ಟು ಈ ಕಡೆ ತಿರುಗಿ ಓದು.

ಟೂಲೇಗೆ ಜ್ವರ ಬಂದಾಗ ನಿನ್ನ ಅಪ್ಪ ಅವ್ವ ಕಿತ್ತಳೆ ತೋಟದ ಕೆಲಸಕ್ಕೆ ಹೋಗಿದ್ದರು. ಜ್ವರ ನಿನಗೂ ಅಂಟೀತು ಎಂದು ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆ. ಅದು ನೆಪ. ಮಗುವಿನ ಮೈ ಸುಡುತ್ತಿತ್ತು, ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು. ಮಳೆಗಾಲದಲ್ಲಿ ಜ್ವರ ಬಂದರೆ ಅದೇ ದಿನ ಸೂಜಿ ಚುಚ್ಚಿಸಿ ರಕ್ತ ಪರೀಕ್ಷೆ ಮಾಡಿಸಿ ಎಂದು ಆಸ್ಪತ್ರೆಯ ದಾದಿ ಮೊದಲೇ ಬಂದು ಹೇಳಿಹೋಗಿದ್ದಳು. ಆಸ್ಪತ್ರೆಯ ಗುಡಿಸಲು ಹೊಳೆಯ ಆಚೆ ದಡದಲ್ಲಿ, ಅರ್ಧ ದಿನದ ದಾರಿ. ನಾನು ಹೋಗಲಿಲ್ಲ. ಬಾಗಿಲು ಹಾಕಿ, ಅನ್ನದುಂಡೆ, ಬಾಳೆಹಣ್ಣು, ಬಿಳಿ ದಾರ ತೆಗೆದುಕೊಂಡು ಏಣಿಯ ತುದಿಯಲ್ಲಿ ಕೂತೆ. ಸೌಟಿನಿಂದ ಮೆಟ್ಟಿಲು ಬಡಿಯುತ್ತಾ ಅವನ ಜೀವವನ್ನು ಕಾಡಿನಿಂದ ಕರೆದೆ. ಬಾ, ಕಲ್ಲಿನ ಸಂದಿಯಲ್ಲಿದ್ದರೂ ಬಾ, ಹಂದಿಯ ಜಾಡಿನಲ್ಲಿದ್ದರೂ ಬಾ, ಎಂದು. ಐವತ್ತು ವರ್ಷ ಬಾಯಲ್ಲಿ ಬಾರದ ಮಾತುಗಳು ಒಂದೂ ತಪ್ಪದೆ ಬಂದವು. ಅವನ ಮಣಿಕಟ್ಟಿಗೆ ದಾರ ಕಟ್ಟಿ, ಯಾರಿಗೂ ಕಾಣದ ಹಾಗೆ ಮೇಲೆ ಅಂಗಿಯ ತೋಳು ಎಳೆದೆ.

ದಾರ ಕಟ್ಟಿಸಿಕೊಂಡವರು ಮೂರು ದಿನ ಹೊಳೆ ದಾಟಬಾರದು, ಕರೆದು ತಂದ ಜೀವ ನೀರಿಗೆ ಹೆದರಿ ವಾಪಸು ಹೋಗುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ನಾನು ಮೂರು ದಿನ ದಾಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟೆ. ಆಚೆ ದಡ ಹತ್ತುವ ಮುಂಚೆಯೇ ಬೆನ್ನು ತಣ್ಣಗಾಯಿತು.

ಹೊಳೆಯ ನಡುವೆ ನಿಂತು ಹಲ್ಲಿನಿಂದ ಆ ದಾರ ಕಡಿದು ನೀರಿಗೆ ಬಿಟ್ಟೆ. ಊರಿಗೆ ಬಂದು, ಜ್ವರ ಒಂದೇ ದಿನದಲ್ಲಿ ಏರಿತು ಎಂದೆ. ಎಲ್ಲರೂ ನಂಬಿದರು. ಕರ್ತನ ಪಾತ್ರೆ ತೊಳೆಯುವವಳ ಮಾತನ್ನು ಯಾರು ನಂಬುವುದಿಲ್ಲ?

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳುತ್ತೀಯ. ನಾನು ಹುಟ್ಟಿದ್ದು ತಾಯಿ ಕಡೆಯ ದೈವಕ್ಕೆ ಉಣಬಡಿಸುವ ಮನೆಯಲ್ಲಿ. ನನ್ನಜ್ಜಿ ಮುಂದೆ, ಅವಳ ಹೆಣ್ಣುಮಕ್ಕಳು, ಮಕ್ಕಳ ಮಕ್ಕಳು ಎಲ್ಲ ಒಳಗೆ, ಬಾಗಿಲು ಭದ್ರ. ಒಬ್ಬರು ಬಾರದಿದ್ದರೂ, ಯಾರಾದರೂ ಸೀನಿದರೂ ಮತ್ತೆ ಮೊದಲಿಂದ. ತಪ್ಪಿದರೆ ದೈವ ಕಚ್ಚುತ್ತದೆ. ನಾನು ಒಂಬತ್ತು ವರ್ಷದವಳಿದ್ದಾಗ ನನ್ನವ್ವ ದೈವಕ್ಕೆ ಅನ್ನ ಬೇಯಿಸುವ ಮಡಕೆಯನ್ನು ಹೊಳೆಗೆ ಎಸೆದು ಸಭೆಗೆ ಸೇರಿದಳು. ಮಡಕೆ ಹೋಯಿತು. ಹೆದರಿಕೆಯನ್ನು ನಾನು ಕಂಕುಳಲ್ಲಿಟ್ಟುಕೊಂಡೇ ಬಂದೆ ಮಗಳೇ. ದೇವರು ಪರಿಶುದ್ಧನು ಎಂದು ಹಾಡುವಾಗಲೆಲ್ಲ ನನಗೆ ಕೇಳಿಸಿದ್ದು ಇವನೂ ಕಚ್ಚುತ್ತಾನೆ ಎಂದೇ. ಅದಕ್ಕೆ ಬಟ್ಟೆ ಬೂದಿಯಲ್ಲಿ ಕುದಿಸಿದೆ, ಲೋಟ ಮೂರು ಸಲ ಉಜ್ಜಿದೆ, ಕೊಳಕು ಉಗುರಿನವರನ್ನು ಬಾಗಿಲಿಂದಲೇ ಅಟ್ಟಿದೆ. ಕೊನೆಗೆ ಮಗು ಸುಡುತ್ತಿರುವಾಗ, ಆ ದೇವರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ನಿನ್ನ ಕೆಸರುಗೈ ನೆನಪಿತ್ತು, ಅವನು ಸಿಟ್ಟಾಗಿದ್ದಾನೆ ಅಂದುಕೊಂಡೆ. ಹಳೆಯ ಕಡೆಗೆ ಓಡಿದೆ.

ಅವನು ಮಗುವನ್ನು ತೆಗೆದುಕೊಳ್ಳಲಿಲ್ಲ ಪೋವಾ. ನಾನು ಹೊಳೆ ದಾಟಿಸಲಿಲ್ಲ.

ಇವತ್ತು ಶನಿವಾರ. ನಾಳೆ ತಿಂಗಳ ಮೊದಲ ಭಾನುವಾರ. ಭೋಜನದ ಹಿಂದಿನ ದಿನ ಎಲ್ಲರೂ ಕೂಡಿ ಮನಸ್ತಾಪ ತೀರಿಸಿಕೊಳ್ಳುವುದು, "ಯಾರ ಮೇಲೆ ಯಾರಿಗೆ ಏನಿದೆ, ಈಗಲೇ ಹೇಳಿ" ಎಂದು ನಾನು ಕೇಳುವುದು ನಿನಗೆ ಗೊತ್ತೇ ಇದೆ. ಹೋದ ತಿಂಗಳು ಜಾರಿ ಕಾಲು ಮುರಿದುಕೊಂಡಿದ್ದೇನಲ್ಲ, ಬೆಳಿಗ್ಗೆ ಇಬ್ಬರು ಗಂಡಸರು ನನ್ನನ್ನು ಕಂಬಳಿಯ ಜೋಲಿಯಲ್ಲಿ ಬಿದಿರಿಗೆ ಕಟ್ಟಿ ಹೊತ್ತುಕೊಂಡು ಹೋದರು. "ಸಂತೆಗೆ ಹಂದಿ ಬಂತು," ಎಂದಳು ಲಾಸೇ. ಆ ಮುದುಕಿಯನ್ನು ಒಂದು ಸಲ ಮೇಜಿನ ಹತ್ತಿರದಿಂದ, ಎಲೆಯಡಿಕೆ ಬಾಯಿ ತೊಳೆದುಕೊಂಡು ಬಾ ಎಂದು ನಾನು ವಾಪಸು ಕಳಿಸಿದ್ದೆ. ಅವಳು ಮರೆತಿಲ್ಲ.

ಎಮ್ಮೆ ಬದನೆ ತಿಂದ ಜಗಳ ಒಂದಿತ್ತು, ತೀರಿತು. "ಮತ್ತೆ ಯಾರಿದ್ದೀರಿ?" ಎಂದು ನಾನೇ ಕೇಳಿದೆ. ಆಮೇಲೆ, "ನಾನಿದ್ದೇನೆ," ಎಂದು ಎಲ್ಲವನ್ನೂ ಹೇಳಿದೆ. ದಾರ, ಹೊಳೆ, ನಿನಗೆ ಹೇಳಿದ ಮಾತು. ನಿನ್ನ ಗಂಡ ಬಾಗಿಲ ಹತ್ತಿರ ನಿಂತಿದ್ದ. ಅವನ ಮುಖ ನೋಡಲಿಲ್ಲ.

ಮೊದಲು ಮಾತಾಡಿದವಳು ಲಾಸೇ. "ಹದಿನಾರು ವರ್ಷ ನಮ್ಮ ಉಗುರು ನೋಡ್ದೆ. ನಿನ್ನ ಉಗುರು ಯಾರಿಗೆ ತೋರಿಸ್ದೆ ಮಾರಾಯ್ತಿ?" ಎಂದಳು. ಎದ್ದು ಹೊರಗೆ ಹೋದಳು. ಅದು ನ್ಯಾಯವೇ.

ನಾನು ಪಾಸ್ಟರ್ ತ್ರಾ ದೋವೀಗೆ ಹೇಳಿದೆ, "ನನ್ನನ್ನ ಹಿಂದೆ ಕೂರಿಸಿ. ಒಂದು ವರ್ಷ ಮೇಜಿಗೆ ಬರಲ್ಲ. ಆಮೇಲೆ ನೋಡುವಾ."

ನಮ್ಮ ಕಣ್ಣ ಮುಂದೆ ಬೆಳೆದ ಹುಡುಗ ಅವನು, ಮೆತ್ತಗಿನ ಮಾತಿನವನು. ಇವತ್ತು ಮೆತ್ತಗಿರಲಿಲ್ಲ. "ಒಂದು ವರ್ಷ ಹಿಂದೆ ಕೂತ್ರೆ ಅದು ಹೋಗುತ್ತಾ ಅಜ್ಜಿ? ಹಂಗೆ ಹೋಗೋದಾದ್ರೆ ಯೇಸು ಸಾಯೋದೇ ಬೇಕಿರ್ಲಿಲ್ಲ. ಪಾತ್ರೆ ಕೆಲಸ ಬಿಡಿ, ಅದನ್ನ ಬೇರೆಯವರು ಮಾಡ್ತಾರೆ. ಮೊಮ್ಮಗಳಿಗೂ ಅವಳವ್ವನಿಗೂ ನೀವೇ ಹೇಳ್ಬೇಕು, ನಾನು ಹೇಳಲ್ಲ. ನಾಳೆ ಮಾತ್ರ ಬರ್ಬೇಕು. ತೊಳ್ಕೊಂಡು ಬರೋ ಜಾಗ ಅಲ್ಲ ಅದು, ತೊಳೆಸ್ಕೊಳ್ಳೋ ಜಾಗ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಓಡಿಸಿದ್ದರೆ ಸಮಾಧಾನವಾಗುತ್ತಿತ್ತು. ಬಾ ಅಂದಾಗ, ನನ್ನನ್ನು ಮನೆಗೆ ಹೊತ್ತುಕೊಂಡು ಹೋಗಿ ಎಂದೆ.

ಮನೆಗೆ ಬಂದಾಗಿನಿಂದ ಆ ಹಳೆಯ ಪ್ರವಾದಿಯೇ ತಲೆಯಲ್ಲಿದ್ದಾನೆ. ದೇವರನ್ನು ಕಂಡು, ನಾನು ಕೊಳಕು ಬಾಯಿಯವನು, ಕೆಟ್ಟೆ ಎಂದು ಕೂಗಿಕೊಂಡನಲ್ಲ, ಅವನು. ಆ ಮನುಷ್ಯ ಬಾಯಿ ತೊಳೆಯಲು ಓಡಲಿಲ್ಲ. ಬಲಿಪೀಠದ ಕೆಂಡವೇ ಅವನ ಹತ್ತಿರ ಬಂತು, ತುಟಿ ಮುಟ್ಟಿತು. ತುಟಿ ಸುಟ್ಟು ಬೂದಿಯಾಗಲಿಲ್ಲ, ಪಾಪ ಹೋಯಿತು. ಎಷ್ಟು ಸಲ ಕೇಳಿದ್ದೇನೆ ಇದನ್ನು, ಕಿವಿಯೊಳಗೆ ಹೋಗಿರಲಿಲ್ಲ. ಹನ್ನೆರಡು ವರ್ಷ ರಕ್ತ ಹೋಗುತ್ತಿದ್ದ ಹೆಂಗಸು ಹಿಂದಿನಿಂದ ಬಂದು ಯೇಸುವಿನ ಬಟ್ಟೆಯ ಅಂಚು ಮುಟ್ಟಿದಳು. ಅವಳ ಮೈಲಿಗೆ ಅವನಿಗೆ ತಾಗಬೇಕಿತ್ತಲ್ಲ? ಅವನ ಶುದ್ಧಿಯೇ ಅವಳಿಗೆ ತಾಗಿತು. ನಮ್ಮ ಕೆಸರುಗೈ ತಾಗಿದರೆ ಕೆಡುವಂಥ ಪರಿಶುದ್ಧತೆಯಲ್ಲ ಅವನದು. ನಾನು ದೇವರನ್ನು ಬಿಳಿ ಬಟ್ಟೆ ಅಂದುಕೊಂಡಿದ್ದೆ. ಅವನು ಬೆಂಕಿ. ಬೆಂಕಿಗೆ ಕೊಳೆ ಅಂಟುವುದಿಲ್ಲ. ಅದಕ್ಕೆ ಹೆದರಬೇಕು, ಹೌದು. ನಾನು ಇವತ್ತು ಹೆದರಿದಷ್ಟು ಎಂದೂ ಹೆದರಿಲ್ಲ. ಆದರೆ ಅವನ ಮಗ ಯೇಸುವಿನ ರಕ್ತ ಸುರಿದ ದಿನ, ಯಾರೂ ಒಳಗೆ ಹೋಗದ ಹಾಗೆ ಗುಡಿಯಲ್ಲಿ ಕಟ್ಟಿದ್ದ ತೆರೆಯನ್ನು ಮೇಲಿನಿಂದ ಕೆಳಗೆ ಹರಿದವನು ಅವನೇ. ಕೆಳಗಿನಿಂದ ನಾವು ಯಾರೂ ಹರಿಯಲಿಲ್ಲ. ಒಳಗೆ ಬಾ ಎಂದು ಅವನೇ ಹರಿದ ಮೇಲೆ, ನಾನು ಹೊಲಿಗೆ ಹಾಕುತ್ತಾ ಕೂತಿದ್ದೆ.

ನಾಳೆ ನನ್ನನ್ನು ಹೊತ್ತುಕೊಂಡು ಹೋಗುತ್ತಾರೆ. ಹೋಗುತ್ತೇನೆ. ಲಾಸೇ ಪಕ್ಕದಲ್ಲಿ ಕೂರುತ್ತಾಳೋ ಇಲ್ಲವೋ ಗೊತ್ತಿಲ್ಲ. ನಿನ್ನವ್ವನಿಗೆ ಇನ್ನೂ ಬರೆಯಬೇಕು, ಹೆತ್ತವಳಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವುದೋ ತಿಳಿಯುತ್ತಿಲ್ಲ. ಅದು ನನ್ನ ಪಾಡು. ನೀನು ನಿನ್ನ ಕೆಲಸ ನೋಡು.

ಲೇರ್ಮೂ ಮೇಲೆ ಬಂದು ನಿಂತಿದ್ದಾನೆ. ಬೆಳಿಗ್ಗೆಯಿಂದ ನನ್ನ ಜೊತೆ ಆಡಿದ್ದು "ಆಯ್ತಾ ಅಜ್ಜಿ" ಎಂಬ ಎರಡೇ ಮಾತು. ಈಗ ಮಾತ್ರ, "ಇದನ್ನ ಓದಿದ್ರೆ ರುಜು ಹಾಕ್ತಾಳಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಸುಳ್ಳು ಹೇಳಿ ಸಾಕಾಗಿದೆ.

ಕೊಯ್ದರೆ ಕೂಸು ಬದುಕೇ ಬದುಕುತ್ತದೆ ಎಂದು ನಾನು ಬರೆದುಕೊಡಲಾರೆ, ನಾನು ದೇವರಲ್ಲ. ಆದರೆ ನಿನ್ನ ಮೇಲೆ ಯಾವ ಹಳೆಯ ತೀರ್ಪೂ ಕಾದು ಕೂತಿಲ್ಲ. ಬಾಯಾರಿದ ಹುಡುಗಿ ಒಂದು ಹೂಜಿ ರಸ ಕುಡಿದಳು, ಅಷ್ಟೇ. ಡಾಕ್ಟರಮ್ಮನನ್ನು ಕರೆದು ರುಜು ಹಾಕು. ಆಮೇಲೆ ಕಣ್ಣು ಮುಚ್ಚಿ ಅವನನ್ನು ಕರೆ, ನಿನ್ನ ಹೆಸರು ಹೇಳಿಯೇ ಕರೆ. ಅಜ್ಜಿಯನ್ನು ಕ್ಷಮಿಸಿದ ಮೇಲೆ ಕರೆಯುತ್ತೇನೆ ಎಂದು ಕಾಯಬೇಡ, ಅದಕ್ಕೆ ವರ್ಷಗಳು ಬೇಕಾಗಬಹುದು, ಬೇಕಾದರೆ ಬೇಕು. ನಾನು ಬಾಗಿಲಿಗೆ ಅಡ್ಡ ಕೂತ ಮುದುಕಿ. ನನ್ನನ್ನು ತುಳಿದುಕೊಂಡಾದರೂ ಸರಿ, ಒಳಗೆ ಹೋಗು.

ಪರಿಶುದ್ಧನಾದವನು ನಿನ್ನನ್ನೂ ಕೂಸನ್ನೂ ತನ್ನ ಕೈಯಿಂದಲೇ ಮುಟ್ಟಲಿ.

ಇಂತಿ,
ನಿನ್ನ ಬಾಯಿ ಕಟ್ಟಿದ್ದ ಅಜ್ಜಿ,
ಮೂಫೋ