ಹೊರಗೆ ಕೂತಿದ್ದಾಳೆ

ಬನಿಯಾಸ್, ಅಬುಧಾಬಿ
೧೪ ಅಕ್ಟೋಬರ್ ೨೦೨೫, ಮಂಗಳವಾರ

ಪ್ರೀತಿಯ ಡ್ಯಾರಲ್‌ನ ಪಪ್ಪಾ,

ಎದೆಯ ಹೊಲಿಗೆ ಒಣಗುತ್ತಿದೆ, ಊಟ ಸೇರುತ್ತಿದೆ ಎಂದು ನೀವು ಹೇಳಿದ್ದು ಕೇಳಿ ಸಮಾಧಾನವಾಯಿತು. ಫೋನಿನಲ್ಲಿ ಮಾತಾಡುವಾಗ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಸುತ್ತ ಇರುತ್ತಾರೆ. ಅವರ ಮುಂದೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನಾಳೆ ಶಿಕಾಗೋಗೆ ಹೊರಡುವ ಡ್ಯಾರಲ್‌ನ ಗೆಳೆಯ ರೋಷನ್ ಇದನ್ನು ನಿಮ್ಮ ಕೈಗೆ ಕೊಡುತ್ತಾನೆ.

ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ಅಂಜಲ್ ತುಂಡು ಮಾಡಿಸುತ್ತಿದ್ದಾಗ ನೀವು ಎದೆ ಹಿಡಿದು ಕುಸಿದಿರಿ. ಹೃದಯದ ಕವಾಟ ಬದಲಾಯಿಸದೆ ಬೇರೆ ದಾರಿಯಿಲ್ಲ ಅಂದರು ಡಾಕ್ಟರು. ಅಷ್ಟು ವರ್ಷ ಶಿಕಾಗೋದಲ್ಲಿ ನಮ್ಮ ಸಂಬಳದಿಂದ ಮುರಿದುಕೊಂಡ ಮೆಡಿಕೇರ್ ವಿಮೆ ಅಮೆರಿಕದ ಹೊರಗೆ ನಡೆಯುವುದಿಲ್ಲ ಎಂದು ಗೊತ್ತಿದ್ದೇ ನಾವು ಮಗನ ಹತ್ತಿರ ಬಂದವರು. ಇಲ್ಲಿ ನಮ್ಮ ವಯಸ್ಸು ನೋಡಿ ಕೊಟ್ಟ ವಿಮೆ ಜ್ವರ, ಕೆಮ್ಮಿಗೆ ಸಾಕು, ದೊಡ್ಡ ಕಾಯಿಲೆಗೆ ಅಲ್ಲ. ಹೇಗಾದರೂ ಇಲ್ಲೇ ಮಾಡಿಸುತ್ತೇನೆ, ಬ್ಯಾಂಕಿನಲ್ಲಿ ಕೇಳುತ್ತೇನೆ ಅಂದ ಡ್ಯಾರಲ್. ಸೊಸೆ ಶಾರನ್ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಆ ರಾತ್ರಿ ನಾವಿಬ್ಬರೇ ಇದ್ದಾಗ, ಶಿಕಾಗೋಗೇ ಹೋಗಿ ಮಾಡಿಸಿಕೊಳ್ಳಿ ಎಂದು ಮೊದಲು ಹೇಳಿದವಳು ನಾನು. ಅದು ನಿಮ್ಮದೇ ಯೋಚನೆ ಎಂದು ನೀವು ಎಲ್ಲರಿಗೂ ಹೇಳಿಕೊಂಡು ಬಂದಿರಿ.

ನನಗೆ ಮೊಣಕಾಲು ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆ ಎಂದು ಇಲ್ಲೇ ಉಳಿದೆ. ನೋವು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದುಡಿದು, ಹಿಮದಲ್ಲಿ ಬಸ್ಸಿಗೆ ಕಾದು ನನಗೆ ಆ ಊರು ಸಾಕಾಗಿತ್ತು. ಇಲ್ಲಿ ಕೆಳಗಿನ ಮನೆಯ ಹಲೀಮ ಸಂಜೆ ಚಾಕ್ಕೆ ಕರೆಯುತ್ತಾಳೆ, ಊರಿನ ಮಾತಾಡುತ್ತೇವೆ. ಮೊಮ್ಮಗಳು ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ನಿದ್ದೆ ಬಂದಾಗ ನನ್ನ ಮಡಿಲೇ ಬೇಕು. ಇದನ್ನೆಲ್ಲ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯಿಂದ ತಿರುಗಿ ನೋಡಿ, “ನೀನು ಬರುವುದಿಲ್ಲವಾ ಬೆಟ್ಟಿ?” ಎಂದು ಕೇಳಿದಿರಿ. ಅಷ್ಟೇ ಕೇಳಿದ್ದು. ನಾನು ಕೇಳಿಸದವಳ ಹಾಗೆ ಬಗ್ಗಿ ಮೊಮ್ಮಗಳ ಶೂಲೇಸ್ ಕಟ್ಟಿದೆ. ಅದು ಬಿಚ್ಚಿರಲೇ ಇಲ್ಲ. ಮನೆಗೆ ಬಂದು ಬೂತಾಯಿ ಮೀನು ಹುರಿದೆ, ಹೊಟ್ಟೆ ತುಂಬ ಉಂಡೆ. ಆ ಊಟ ರುಚಿಸಿತಲ್ಲ, ಅದು ಈಗ ನನ್ನನ್ನು ಕೊರೆಯುತ್ತಿದೆ.

ಭಾನುವಾರ ಫೆಲ್ಸಿ ಫೋನ್ ಮಾಡಿದ್ದಳು. ಶಿಕಾಗೋದಲ್ಲಿ ನೆರೆಮನೆಯವಳಾಗಿದ್ದಳು ಅನ್ನುವುದೊಂದು ಬಿಟ್ಟರೆ ಅವಳಿಗೂ ನಮಗೂ ಏನು ಸಂಬಂಧ? ಆದರೂ ನಿಮ್ಮನ್ನು ತನ್ನ ಮನೆಯಲ್ಲಿಟ್ಟು ಗಂಜಿ ಬೇಯಿಸಿ ಕೊಡುತ್ತಿದ್ದಾಳೆ. ಆಪರೇಷನ್ನಿಗೆ ಒಯ್ಯುವ ಮೊದಲು ನರ್ಸ್, ಜೊತೆಗೆ ಯಾರಿದ್ದಾರೆ ಎಂದು ಕೇಳಿದಳಂತೆ. “ನನ್ನ ಹೆಂಡತಿ ಹೊರಗೆ ಕೂತಿದ್ದಾಳೆ” ಅಂದಿರಂತೆ ನೀವು. ಮಂಪರಿನಲ್ಲಿ ಏನೋ ಅಂದರು ಎಂದು ಫೆಲ್ಸಿ ನಕ್ಕಳು. ನನಗೆ ನಗು ಬರಲಿಲ್ಲ. ಅದು ಮಂಪರಲ್ಲ. ಗುರುತಿಲ್ಲದ ಆ ನರ್ಸಿನ ಮುಂದೆಯೂ ನೀವು ನನ್ನ ಮರ್ಯಾದೆ ಉಳಿಸಿದಿರಿ.

ಬರುವ ಶನಿವಾರ ಹೊರಡುತ್ತೇನೆ. ಬಂದ ಮೇಲೆ ನೀವು ಎಷ್ಟು ಸಿಟ್ಟು ಮಾಡಿದರೂ ಕೇಳಿಕೊಳ್ಳುತ್ತೇನೆ. ಏನೂ ಆಗಿಲ್ಲ ಎಂಬಂತೆ ಮಾತ್ರ ಇರಬೇಡಿ, ಅದನ್ನು ತಾಳಲಾರೆ.

ನಿಮ್ಮ,
ಬೆಟ್ಟಿ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಡಿಸಿದೆ. ನನ್ನ ಎಡ ಎದೆಯಲ್ಲಿ ಒಂದು ಗಂಟು ಇದೆ. ಶಾರನ್ ಕರೆದುಕೊಂಡು ಹೋಗಿ ತೋರಿಸಿದ್ದಳು. ನಿನ್ನೆ ರಿಪೋರ್ಟ್ ಬಂತು, ಒಳ್ಳೆಯದಲ್ಲ. ಈಗ ನನಗೂ ಮೆಡಿಕೇರ್ ನಡೆಯುವ ಊರೇ ಬೇಕು. ಫೆಲ್ಸಿಯ ಫೋನ್ ಬಂದದ್ದು ಭಾನುವಾರ, ಟಿಕೆಟ್ ಮಾಡಿಸಿದ್ದು ಇವತ್ತು. ರಿಪೋರ್ಟ್ ಹೇಗೆ ಬಂದಿದ್ದರೂ ಹೊರಡುತ್ತಿದ್ದೆ ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ನನಗೇ ಗೊತ್ತಿಲ್ಲದ್ದನ್ನು ನಿಮಗೆ ಹೇಗೆ ಬರೆಯಲಿ?