ಓವನ್ನಿನೊಳಗೆ ಎಪ್ಪತ್ತೇಳು ಚಿಪ್

ಮಾರ್ಚ್ 3, ಸಂಜೆ 6
ಓವನ್ 125 ಡಿಗ್ರಿ. ಒಳಗೆ ನಮ್ಮ ಕಂಪನಿಯ ಎಪ್ಪತ್ತೇಳು ಎಲೆಕ್ಟ್ರಾನಿಕ್ ಚಿಪ್, ಶಾಖ ತಡೆಯುತ್ತವೆಯೇ ಅಂತ ಟೆಸ್ಟಿಗೆ. ಒಂದು ವಾರ ಬೆಂದರೂ ಒಂದೂ ಸತ್ತಿಲ್ಲ. ಎಪ್ಪತ್ತೇಳೂ ಸಾವಿರ ಗಂಟೆ ಬದುಕಿದರೆ ಪಾಸ್. ಮುಂದಿನ ಅಳತೆ ಐನೂರು ಗಂಟೆಗೆ.
ದೊಡ್ಡ ಕಂಪನಿಯವರು ಇವತ್ತೂ ಬಂದಿದ್ದರು. ನಮ್ಮ ಕಂಪನಿಯನ್ನೇ ಕೊಳ್ಳುತ್ತಾರಂತೆ — ಕ್ಯಾಂಟೀನ್ ತುಂಬ ಅದೇ ಮಾತು. ಮ್ಯಾನೇಜರ್ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಟೆಸ್ಟಿನ ವಿಷಯ ಹೊರಗೆ ಬಾಯಿಬಿಟ್ಟರೆ ಕೆಲಸವೂ ಹೋಯಿತು, ಕೇಸೂ ಬಿತ್ತು. ಹಾಕಿದೆ. ನನ್ನನ್ನು ಕೇಳುವವರಾದರೂ ಯಾರು?

ಮಾರ್ಚ್ 8, ಭಾನುವಾರ
ಅಕ್ಕನ ಮನೆ. ಭಾವ ಮೊಬೈಲಿನಲ್ಲಿ ಶೇರು ಮಾರುಕಟ್ಟೆಯ ವಾಟ್ಸಾಪ್ ಗ್ರೂಪ್ ಓದಿ ಹೇಳುತ್ತಲೇ ಇದ್ದರು. ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ದೊಡ್ಡ ಕಂಪನಿಯವರ ಎಷ್ಟು ಕಾರು ನಿಂತಿದ್ದವು, ಯಾವಾಗ ಹೊರಟವು — ಗ್ರೂಪಿನವರಿಗೆ ಎಲ್ಲ ಗೊತ್ತು. ಚಿಪ್ ಏನು ಮಾಡುತ್ತದೆ ಅನ್ನುವುದೊಂದು ಬಿಟ್ಟು.
ಅಕ್ಕ ಅಡುಗೆಮನೆಗೆ ಕರೆದಳು. "ನಿಜಾನೇನೇ? ತಗೋತಾರಾ ನಿಮ್ಮನ್ನ?"
"ನಾನೇನೂ ಹೇಳೋ ಹಾಗಿಲ್ಲ ಅಕ್ಕಾ."
ಅವಳ ಮುಖ ಅರಳಿತು. "ಗೊತ್ತಾಯ್ತು ಬಿಡು."
"ಏನು ಗೊತ್ತಾಯ್ತು?"
"ಇಲ್ಲ ಅಂತಾದ್ರೆ ಇಲ್ಲ ಅನ್ನೋಕೆ ನಿನಗೇನು ಕಷ್ಟ?"
ನಕ್ಕುಬಿಟ್ಟೆ. ನಗಬಾರದಿತ್ತು.

ಮಾರ್ಚ್ 17, ಮಧ್ಯಾಹ್ನ
ಐನೂರು ಗಂಟೆ. ಹನ್ನೊಂದು ಸತ್ತಿವೆ. ಮತ್ತೆ ಅಳೆದೆ. ಟೆಸ್ಟ್ ಬೋರ್ಡ್ ಬದಲಾಯಿಸಿ ಅಳೆದೆ. ಹನ್ನೊಂದೇ.
ಮ್ಯಾನೇಜರ್ ಹಾಳೆ ನೋಡಿ ಮಡಚಿ ಜೇಬಿಗಿಟ್ಟುಕೊಂಡರು. "ಬಾಯಿಗೆ ಬೀಗ ಹಾಕ್ಕೊಳಮ್ಮಾ. ಆ ದೊಡ್ಡ ಕಂಪನಿಯವ್ರಿಗೆ ನಾನೇ ಹೇಳ್ತೀನಿ, ಟೈಮ್ ನೋಡ್ಕೊಂಡು."

ಸಂಜೆ 7
ಅಕ್ಕನ ಫೋನ್. ಟೈಲರಿಂಗ್ ಅಂಗಡಿ ಮಾರಿದಳಂತೆ. ಮೆಷೀನು, ಕಟಿಂಗ್ ಟೇಬಲ್ಲು, ಎಲ್ಲ ಸೇರಿಸಿ. ಶುಕ್ರವಾರ ದುಡ್ಡು ಕೈಗೆ ಬರುತ್ತದೆ, ಅಷ್ಟೂ ದುಡ್ಡಿಗೆ ಅವತ್ತೇ ನಮ್ಮ ಕಂಪನಿಯ ಶೇರು ಕೊಳ್ಳುತ್ತಾಳಂತೆ. ಅಮ್ಮ ಹೋದ ಮೇಲೆ ಅದೇ ಅಂಗಡಿಯಲ್ಲಿ ಯೂನಿಫಾರ್ಮ್ ಹೊಲಿದು ನನ್ನನ್ನು ಇಂಜಿನಿಯರ್ ಮಾಡಿದವಳು.
"ಬೇಡ ಅಕ್ಕಾ."
"ಯಾಕೆ?"
"ಸುಮ್ನೆ... ಅಂಗಡಿ ನಿನ್ನ ಜೀವ ಅಲ್ವಾ?"
"ಕಣ್ಣು ಕಾಣಲ್ಲ ಕಣೇ. ಇನ್ನೆಷ್ಟು ದಿನ ಹೊಲೀಲಿ?"
ಸತ್ತ ಹನ್ನೊಂದು ಚಿಪ್ಪಿನ ವಿಷಯ ಹೇಳಲು ಹೊರಟವಳು, ಊಟ ಆಯ್ತಾ ಅಂತ ಕೇಳಿದೆ.

ಮಾರ್ಚ್ 19
ನಾಳೆ ಅಕ್ಕ ಶೇರು ಕೊಳ್ಳುತ್ತಾಳೆ. ಎರಡು ಸಲ ಅವಳ ನಂಬರ್ ಒತ್ತಿ ಕಟ್ ಮಾಡಿದೆ. ಕೇಸು, ಕಾನೂನು ಎಲ್ಲ ನೆಪ. ಹೆದರಿಕೆ ನನಗೆ, ಅಷ್ಟೇ. ಅತ್ತ ದರಿ ಇತ್ತ ಪುಲಿ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ದರಿಗೆ ಬೀಳುವವಳು ಮಾತ್ರ ನಾನಲ್ಲ, ಅಕ್ಕ.

ಏಪ್ರಿಲ್ 2
ದೊಡ್ಡ ಕಂಪನಿಯವರು ಹಿಂದೆ ಸರಿದರು. ಟಿವಿಯಲ್ಲಿ ಕಾರಣ ಸಮೇತ ಬಂತು — ಚಿಪ್ ಶಾಖ ತಡೆಯುವುದಿಲ್ಲ. ಶೇರು ನೆಲ ಕಚ್ಚಿತು. ಅಕ್ಕನಿಗೆ ಫೋನ್ ಮಾಡುವ ಮುಖ ನನಗಿಲ್ಲ. ಅವಳೂ ಮಾಡಲಿಲ್ಲ.

ಏಪ್ರಿಲ್ 5, ಭಾನುವಾರ
ಹೋದೆ. ಭಾವ ಗೋಡೆ ಕಡೆ ತಿರುಗಿ ಮಲಗಿದ್ದರು. ನನ್ನ ದನಿ ಕೇಳಿ ಎದ್ದು ಕೂತರು. "ಟೆಸ್ಟ್ ಮಾಡೋಳೇ ಇವಳು. ಇವಳಿಗೆ ಗೊತ್ತಿರಲಿಲ್ವಾ?"
ಅಕ್ಕ ಉರಿದುಬಿದ್ದಳು. "ನೀವು ಸುಮ್ನಿರಿ! ಗೊತ್ತಿದ್ದಿದ್ರೆ ನನಗೆ ಹೇಳ್ದೆ ಇರ್ತಿದ್ಲಾ? ನಾನು ಎತ್ತಿ ಆಡಿಸಿದ ಮಗು ಅದು."
ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿನ್ನ ಕೆಲಸ ಏನಾಗುತ್ತೋ ಅಂತಲೇ ನನಗೆ ಚಿಂತೆ," ಅಂದಳು. ತಾನು ಮಾರಿದ ಅಂಗಡಿಗೇ ನಾಳೆಯಿಂದ ಕೂಲಿಗೆ ಹೋಗುತ್ತಾಳಂತೆ.
ಭಾವ ಇನ್ನೂ ನನ್ನನ್ನೇ ನೋಡುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿದಳು. "ನಿನಗೆ ಗೊತ್ತಿರಲಿಲ್ಲ, ಅಲ್ವೇನೇ?"
ಇರಲಿಲ್ಲ ಅಂದೆ.

ಏಪ್ರಿಲ್ 6, ಸಂಜೆ
ಈಗ ಗುಟ್ಟೇನೂ ಉಳಿದಿಲ್ಲ. ಹೇಳಿದರೆ ಕೇಸೂ ಇಲ್ಲ. ಆದರೂ ಬೆಳಗಿನಿಂದ ಮೂರು ಸಲ ಅಕ್ಕನಿಗೆ ಮೆಸೇಜ್ ಬರೆದು ಅಳಿಸಿಹಾಕಿದ್ದೇನೆ. ಎದುರಿಗೇ ಹೇಳಬೇಕು.
ಕಿಟಕಿಯಿಂದ ಕಾಣುತ್ತಿದ್ದಾಳೆ. ಅಂಗಡಿಯಿಂದ ನೇರ ಇಲ್ಲಿಗೇ. ಕೈಯಲ್ಲಿ ಊಟದ ಡಬ್ಬಿ — ನಿನ್ನೆ ನಾನು ತಟ್ಟೆ ಮುಟ್ಟಿರಲಿಲ್ಲವಲ್ಲ. ಬಾಗಿಲು ತೆಗೆದ ತಕ್ಷಣ ಹೇಳುತ್ತೇನೆ. ಅವಳು ಏನಾದರೂ ಕೇಳುವ ಮೊದಲೇ. ಅಕ್ಕಾ, ನೀನು ಕೊಳ್ಳೋಕೆ ಮೂರು ದಿನ ಮೊದಲೇ ನನಗೆ —